ಆಟಕ್ಕುಂಟು, ಲೆಕ್ಕಕ್ಕಿಲ್ಲ

ಆರು–ಆರು. ಸಮ.

ಒಂಬತ್ತು ಇನಿಂಗ್ಸ್ ಮುಗಿದಿವೆ. ಬೇಸ್‌ಬಾಲಿನಲ್ಲಿ ಸಮವಾದರೆ ಇನ್ನೊಂದು ಇನಿಂಗ್ಸ್ ಆಡುತ್ತಾರೆ. ಅದೂ ಸಮವಾದರೆ ಮತ್ತೊಂದು. ಮುತ್ತಾತಂದಿರ ಕಾಲದ ಕಾಯಿದೆ. 2025ರ ಜುಲೈ 15ರ ರಾತ್ರಿ ಅಮೆರಿಕದ ಜಾರ್ಜಿಯಾದಲ್ಲಿ ಆ ದೇಶದ ಘಟಾನುಘಟಿ ಆಟಗಾರರೆಲ್ಲ ಸೇರಿದ್ದರು. ಆಡುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ.

ಆಟ ಅಲ್ಲಿಗೇ ಬಿಟ್ಟರು. ಒಂದೊಂದು ಕಡೆಯಿಂದ ಮೂರು ಮೂರು ಜನ ಬ್ಯಾಟ್ ಹಿಡಿದು ಬಂದರು. ಒಬ್ಬೊಬ್ಬರಿಗೆ ಮೂರು ಬೀಸು. ಚೆಂಡು ಎಸೆಯಲು ಕೋಚು. 'ಹೊಡಿಯಪ್ಪಾ' ಎಂದು ಮೆತ್ತಗೆ ಎಸೆದುಕೊಡುತ್ತಾನೆ. ನಮ್ಮಲ್ಲಿ ಇದಕ್ಕೆ ನೆಟ್ ಪ್ರಾಕ್ಟೀಸ್ ಅನ್ನುತ್ತಾರೆ. ಅಲ್ಲಿ ಇತಿಹಾಸ ಅಂದರು.

ಕೈಲ್ ಶ್ವಾರ್ಬರ್ ಎಂಬಾತ ಮೂರು ಬೀಸಿ ಮೂರನ್ನೂ ಬೇಲಿ ದಾಟಿಸಿದ. ನ್ಯಾಷನಲ್ ಲೀಗ್ 4–3ರಿಂದ ಗೆದ್ದಿತು. ಶ್ವಾರ್ಬರ್‌ಗೆ ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ. ಪಂದ್ಯದಲ್ಲಿ ಅವನ ಹಿಟ್‌ಗಳೆಷ್ಟು? ಸೊನ್ನೆ.

ಮುಹೂರ್ತಕ್ಕೆ ಬಾರದೆ ಬೀಗರೂಟಕ್ಕೆ ಬಂದವನ ಹಣೆಗೆ ಬಾಸಿಂಗ ಕಟ್ಟಿದ ಹಾಗಾಯಿತು.

ಜನರಿಗೆ ಬಹಳ ಖುಷಿಯಾಯಿತಂತೆ. ನನ್ನ ಹೊಟ್ಟೆಯುರಿ ಅದೇ. ಪಂದ್ಯಕ್ಕಿಂತ ಪಂದ್ಯ ನಿಲ್ಲಿಸಿದ್ದೇ ಸೊಗಸಾಗಿತ್ತು ಎಂದು ಜನ ಹೇಳಿದರೆ, ಪಂದ್ಯದ ಬಗ್ಗೆ ಏನು ಹೇಳಿದ ಹಾಗಾಯಿತು?

ಬೇಸ್‌ಬಾಲ್ ಗೊತ್ತಿಲ್ಲದವರು ಗಾಬರಿಯಾಗಬೇಡಿ. ಈ ಆಲ್-ಸ್ಟಾರ್ ಪಂದ್ಯ ಅರ್ಥವಾಗಲು ಆಟ ಗೊತ್ತಿರಬೇಕಿಲ್ಲ. ಅಂಗಡಿ ವ್ಯವಹಾರ ಗೊತ್ತಿದ್ದರೆ ಸಾಕು.

ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ 30 ತಂಡಗಳು. ಅರ್ಧ ನ್ಯಾಷನಲ್ ಲೀಗ್, ಅರ್ಧ ಅಮೆರಿಕನ್ ಲೀಗ್. ನ್ಯಾಷನಲ್ 1876ರದ್ದು. ಅಮೆರಿಕನ್ ಲೀಗ್ 1901ರಲ್ಲಿ ಎದ್ದು ನಿಂತು, ದುಡ್ಡು ತೋರಿಸಿ ಹಳಬರ ಆಟಗಾರರನ್ನು ಎಳೆದುಕೊಂಡಿತು. ಅಲ್ಲಿಂದ ಎಣ್ಣೆ ಸೀಗೆಕಾಯಿ ಸಂಬಂಧ. 1904ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ, ಆ ಕೀಳು ಲೀಗಿನವರ ಜತೆ ಆಡುವುದಿಲ್ಲ ಎಂದು ಮುಖ ತಿರುಗಿಸಿ ಕೂತಿತು. ಆ ವರ್ಷ ಎರಡೂ ಲೀಗಿನ ವಿಜೇತರು ಆಡುವ ವರ್ಲ್ಡ್ ಸೀರೀಸೇ ನಡೆಯಲಿಲ್ಲ. ಜಂಬ, ಅಸೂಯೆ, ಸಣ್ಣತನ ಎಲ್ಲವೂ ಅಪ್ಪಟ. ಎಷ್ಟು ಚೆಂದ!

(ವರ್ಲ್ಡ್ ಎಂದರೆ ಅಮೆರಿಕ, ಜತೆಗೆ ಟೊರಾಂಟೊ. ಭೂಗೋಳದ ಜಗಳ ಇನ್ನೊಂದು ದಿನ ಆಡೋಣ.)

ಎರಡೂ ಲೀಗಿಗೆ ಆಗ ಬೇರೆ ಅಧ್ಯಕ್ಷರು, ಬೇರೆ ಅಂಪೈರುಗಳು. ಈ ಕಡೆಯವರು ಆ ಕಡೆಯವರನ್ನು ಲೆಕ್ಕದ ಪಂದ್ಯದಲ್ಲಿ ಎದುರಿಸುತ್ತಿದ್ದದ್ದು ವರ್ಲ್ಡ್ ಸೀರೀಸ್‌ನಲ್ಲಿ ಮಾತ್ರ. ಹಾಗಾಗಿ ಜುಲೈಯಲ್ಲಿ ಒಂದು ರಾತ್ರಿ ಎರಡೂ ಕಡೆಯ ತಾರೆಗಳು ಮುಖಾಮುಖಿಯಾಗುತ್ತಾರೆ ಎಂದರೆ ಊರು ನಿದ್ದೆಗೆಡುವುದರಲ್ಲಿ ಅರ್ಥವಿತ್ತು.

1997ರಲ್ಲಿ ಎರಡು ಲೀಗುಗಳ ತಂಡಗಳು ಮಾಮೂಲಿ ಪಂದ್ಯಗಳಲ್ಲೇ ಎದುರಾದವು. ಶತಮಾನ ಕಳೆಯುವಷ್ಟರಲ್ಲಿ ಲೀಗ್ ಅಧ್ಯಕ್ಷರ ಹುದ್ದೆಗಳು ಹೋದವು, ಅಂಪೈರುಗಳೆಲ್ಲ ಒಂದೇ ಕೊಟ್ಟಿಗೆಗೆ ಬಂದರು. ಅಮೆರಿಕನ್ ಲೀಗಿನಲ್ಲಿ ಚೆಂಡೆಸೆಯುವ ಪಿಚರ್ ಬದಲು ಬೇರೆಯವನು ಬ್ಯಾಟ್ ಮಾಡಬಹುದಿತ್ತು, ನ್ಯಾಷನಲ್‌ನಲ್ಲಿ ಪಿಚರೇ ಮಾಡಬೇಕಿತ್ತು. 2022ರಲ್ಲಿ ಆ ಭೇದವೂ ಅಳಿಯಿತು. 2023ರಿಂದ ಪ್ರತಿ ತಂಡ ಪ್ರತಿ ತಂಡದೊಂದಿಗೂ ವರ್ಷ ವರ್ಷ ಆಡುತ್ತದೆ. ಈಗ ಎರಡು ಲೀಗಿಗೂ ಇರುವ ವ್ಯತ್ಯಾಸ ಬೋರ್ಡಿನದ್ದು.

ಆ ಬೋರ್ಡೂ ಗಟ್ಟಿಯಲ್ಲ. ಮಿಲ್ವಾಕಿ ಬ್ರೂವರ್ಸ್ ತಂಡ 1998ರಲ್ಲಿ ಅಮೆರಿಕನ್‌ನಿಂದ ನ್ಯಾಷನಲ್‌ಗೆ ಹಾರಿತು. ಹ್ಯೂಸ್ಟನ್ ತಂಡ 2013ರಲ್ಲಿ ನ್ಯಾಷನಲ್‌ನಿಂದ ಅಮೆರಿಕನ್‌ಗೆ ಹಾರಿತು. ನಮ್ಮ ಶಾಸಕರಿಗೆ ಹೋಲಿಸಬೇಡಿ. ನಮ್ಮವರು ಕನಿಷ್ಠ ರೆಸಾರ್ಟಿಗಾದರೂ ಹೋಗಿ ಬರುತ್ತಾರೆ.

ಕರಾವಳಿಯವರಿಗೆ ಯಕ್ಷಗಾನದ ಜೋಡಾಟ ಗೊತ್ತು. ಒಂದೇ ಬಯಲು, ಎರಡು ರಂಗಸ್ಥಳ, ಎರಡು ಮೇಳ. ಈ ಕಡೆ ಚೆಂಡೆ ಏರಿದರೆ ಆ ಕಡೆಯದು ಅದಕ್ಕಿಂತ ಏರಬೇಕು. ನಮ್ಮ ಮುಂದೆ ಕೂತಿದ್ದವನು ಎದ್ದು ಅವರ ಮುಂದೆ ಹೋಗಿ ಕೂತರೆ ಅದಕ್ಕಿಂತ ಅವಮಾನವಿಲ್ಲ. ಈಗ ಎರಡೂ ಮೇಳಕ್ಕೆ ಒಬ್ಬನೇ ಯಜಮಾನ, ಒಂದೇ ಚೌಕಿ, ಟಿಕೆಟ್ ದುಡ್ಡಿಗೆ ಒಂದೇ ಡಬ್ಬಿ ಅಂದುಕೊಳ್ಳಿ. ಬೆಳಗಿನ ಜಾವದ ತನಕ ಯಾವ ಮಹಿಷಾಸುರ ಕುಣಿಯುತ್ತಾನೆ?

ಕುಣಿಯುವುದಿಲ್ಲ. 2002ರಲ್ಲಿ ಅದನ್ನು ಜಗತ್ತೇ ನೋಡಿತು.

ಅಂದು ಪಂದ್ಯ ಮಿಲ್ವಾಕಿಯಲ್ಲಿ, ಹೊಚ್ಚ ಹೊಸ ಮಿಲ್ಲರ್ ಪಾರ್ಕ್‌ನಲ್ಲಿ. ಬೇಸ್‌ಬಾಲಿನ ಪರಮಾಧಿಕಾರಿ ಬಡ್ ಸೆಲಿಗ್ ಮಹಾಶಯರ ಸ್ವಂತ ಊರು, ಅವರ ಮನೆತನದ್ದೇ ತಂಡ. 11 ಇನಿಂಗ್ಸ್ ಆಯಿತು. 7–7. ಎಲ್ಲರಿಗೂ ಒಂದೊಂದು ಅವಕಾಶ ಎಂದು ಹಂಚಿ ಹಂಚಿ, ಎರಡೂ ಕಡೆ ಪಿಚರ್‌ಗಳು ಖಾಲಿ. ಮ್ಯಾನೇಜರುಗಳು ಮುಂದಿನ ಸಾಲಿನಲ್ಲಿದ್ದ ಸೆಲಿಗ್ ಬಳಿ ಹೋಗಿ ಪಿಸುಗುಟ್ಟಿದರು. ಸೆಲಿಗ್ ಎರಡೂ ಕೈ ಚೆಲ್ಲಿದರು. ಪಂದ್ಯ ಸಮ, ಮನೆಗೆ ಹೋಗಿ.

ಆಡಲು ಬಿಡಿ ಎಂದು ಜನ ಕೂಗಿದರು. ಛೀಮಾರಿ ಹಾಕಿದರು. ಶ್ರೇಷ್ಠ ಆಟಗಾರ ಪ್ರಶಸ್ತಿಗೆ ಆಗಷ್ಟೇ ತೀರಿಕೊಂಡಿದ್ದ ಟೆಡ್ ವಿಲಿಯಮ್ಸ್ ಹೆಸರಿಟ್ಟಿದ್ದರು. ಹೆಸರಿಟ್ಟ ಮೊದಲ ವರ್ಷವೇ ಅದನ್ನು ಯಾರಿಗೂ ಕೊಡಲಿಲ್ಲ. ಶ್ರದ್ಧಾಂಜಲಿ ಅಂದರೆ ಹೀಗಿರಬೇಕು.

ಕೂಗಿದವರು ಬರೀ ಟಿಕೆಟ್ ಕೊಂಡವರಲ್ಲ, ಇದನ್ನು ಮರೆಯಬೇಡಿ. ಆ ಮೈದಾನ ಕಟ್ಟಲು ಸುತ್ತಲಿನ ಐದು ಕೌಂಟಿಗಳ ಜನ ಖರೀದಿಯ ಮೇಲೆ ಶೇ 0.1 ತೆರಿಗೆ ಕೊಟ್ಟಿದ್ದರು. ಸೋಪು ಕೊಂಡರೂ ಕೊಟ್ಟರು, ಕುರ್ಚಿ ಕೊಂಡರೂ ಕೊಟ್ಟರು. ಬೇಡ ಬೇಡ ಎನ್ನುತ್ತಿದ್ದ ಜಾರ್ಜ್ ಪೆಟಕ್ ಎಂಬ ಸೆನೆಟರ್ ಕೊನೆ ಗಳಿಗೆಯಲ್ಲಿ ತೆರಿಗೆಯ ಪರ ಮತ ಹಾಕಿದ. 1996ರಲ್ಲಿ ಜನ ಅವನನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಸೆನೆಟರ್ ಹೋದ, ತೆರಿಗೆ ಹೋಗಲಿಲ್ಲ. 2020ರ ತನಕ ಜನ ಕಟ್ಟುತ್ತಲೇ ಇದ್ದರು. ಮೂರೇ ವರ್ಷದಲ್ಲಿ ಮೈದಾನಕ್ಕೆ ಸುಣ್ಣ ಬಣ್ಣ ಆಗಬೇಕು ಎಂದು ಸರ್ಕಾರ ಮತ್ತೆ ಸುಮಾರು 50 ಕೋಟಿ ಡಾಲರ್ ಸಾರ್ವಜನಿಕ ಹಣಕ್ಕೆ ರುಜು ಹಾಕಿತು.

ಹೊಸ ಮೈದಾನ ಕಟ್ಟಿಸಿಕೊಟ್ಟ ಊರಿಗೆ ಆಲ್-ಸ್ಟಾರ್ ಪಂದ್ಯವೇ ಪ್ರಸಾದ. ಮಿಲ್ವಾಕಿಗೆ ಸಿಕ್ಕ ಪ್ರಸಾದ 7–7. ಮೈದಾನದ ಹೊರಗೆ 2010ರಿಂದ ಸೆಲಿಗ್ ಅವರ ಪ್ರತಿಮೆ ನಿಂತಿದೆ. ಪ್ರತಿಮೆಯಾದರೂ ಕೈ ಚೆಲ್ಲಿಲ್ಲ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದಾರಲ್ಲ, ಏನು ಮಾಡುವುದು? ಮರುವರ್ಷವೇ ಮದ್ದು ಸಿದ್ಧ. ಇನ್ನು ಮುಂದೆ ಆಲ್-ಸ್ಟಾರ್ ಪಂದ್ಯ ಗೆದ್ದ ಲೀಗಿನ ತಂಡಕ್ಕೆ ವರ್ಲ್ಡ್ ಸೀರೀಸ್‌ನಲ್ಲಿ ತವರು ನೆಲದ ಅನುಕೂಲ. ಏಳು ಪಂದ್ಯವಾದರೆ ನಾಲ್ಕು ಅವರ ಮನೆಯಲ್ಲಿ. ಘೋಷಣೆಯೂ ಬಂತು: ಈ ಸಲ ಲೆಕ್ಕಕ್ಕುಂಟು!

ಅಂದರೆ ಇಷ್ಟು ವರ್ಷ ಇರಲಿಲ್ಲ ಎಂದು ಅವರೇ ಬರೆದುಕೊಟ್ಟ ಹಾಗಾಯಿತು.

162 ಪಂದ್ಯ ಆಡಿ ಬೆವರು ಸುರಿಸಿದ ತಂಡದ ಭವಿಷ್ಯವನ್ನು, ಜುಲೈಯಲ್ಲಿ ನಗುನಗುತ್ತ ಸೆಲ್ಫಿ ತೆಗೆದುಕೊಳ್ಳುವ ಬೇರೆ ತಂಡಗಳ ಆಟಗಾರರು ನಿರ್ಧರಿಸಬೇಕು. ಪಕ್ಕದ ಮನೆಯ ಹುಡುಗ ಪಾಸಾದರೆ ನಿಮ್ಮ ಮಗನಿಗೆ ಸೀಟು. ಹದಿನಾಲ್ಕು ವರ್ಷ ಈ ವಿವೇಕ ನಡೆಯಿತು. 2016ರಲ್ಲಿ ಷಿಕಾಗೊ ಕಬ್ಸ್ 103 ಪಂದ್ಯ ಗೆದ್ದಿತ್ತು, ಕ್ಲೀವ್‌ಲ್ಯಾಂಡ್ 94. ಏಳನೇ ಪಂದ್ಯ ನಡೆದದ್ದು ಕ್ಲೀವ್‌ಲ್ಯಾಂಡಿನಲ್ಲಿ. ಜುಲೈಯಲ್ಲಿ ಅಮೆರಿಕನ್ ಲೀಗ್ ಗೆದ್ದಿತ್ತಲ್ಲ! ಕಬ್ಸ್ ಅಲ್ಲೇ ಹೋಗಿ ಗೆದ್ದುಬಂದರು, ಆ ಮಾತು ಬೇರೆ.

ಇನ್ನು ಆ ಲೆಕ್ಕದ ಪಂದ್ಯವನ್ನು ಆಟಗಾರರು ಎಷ್ಟು ಲೆಕ್ಕಕ್ಕಿಟ್ಟರು? 2014. ನ್ಯೂಯಾರ್ಕ್ ಯಾಂಕೀಸ್‌ನ ಡೆರೆಕ್ ಜೀಟರ್‌ಗೆ ಅದು ವಿದಾಯದ ವರ್ಷ. ಎದುರಾಳಿ ಪಿಚರ್ ಆಡಂ ವೈನ್‌ರೈಟ್ ಚೆಂಡು ಎಸೆಯುವ ಮೊದಲು ಕೈಗವಸು ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಜೀಟರ್ ಚೆನ್ನಾಗಿ ಹೊಡೆದ. ಅವನಿಗೆ ಹೊಡೆಯಲೆಂದೇ ಸುಲಭದ ಚೆಂಡು ಕೊಟ್ಟೆ ಎಂದು ವೈನ್‌ರೈಟ್ ಆಮೇಲೆ ಬಾಯಿಬಿಟ್ಟ. ಗಲಾಟೆಯಾದ ಮೇಲೆ ತಮಾಷೆಗೆ ಹೇಳಿದೆ ಎಂದ. ಅಮೆರಿಕನ್ ಲೀಗ್ ಆ ಇನಿಂಗ್ಸಿನಲ್ಲೇ ಮೂರು ರನ್ ಮಾಡಿ, ಕೊನೆಗೆ 5–3ರಿಂದ ಗೆದ್ದು ತವರಿನ ಅನುಕೂಲ ಒಯ್ದಿತು.

ಒಳ್ಳೆಯ ಮನುಷ್ಯ, ಬೈಯುವುದಿಲ್ಲ. ಬೀಳ್ಕೊಡುಗೆಗೆ ಕರೆದು ನ್ಯಾಯಪಂಚಾಯಿತಿ ಮಾಡಿ ಎಂದರೆ ಅವನು ತಾನೆ ಏನು ಮಾಡಿಯಾನು? 2017ರಿಂದ ಆ ನಿಯಮ ಎತ್ತಿದರು. ಮತ್ತೆ ಲೆಕ್ಕಕ್ಕಿಲ್ಲ.

ಉಳಿದ ವೈಭವಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಂದ್ಯದ ಹಿಂದಿನ ರಾತ್ರಿ ಹೋಮ್ ರನ್ ಡರ್ಬಿ, ಅಂದರೆ ಚೆಂಡನ್ನು ಬೇಲಿ ದಾಟಿಸುವ ಸ್ಪರ್ಧೆ. ಅದೇ ನೆಟ್ ಪ್ರಾಕ್ಟೀಸ್. 2019ರಲ್ಲಿ ಪೀಟ್ ಅಲೊನ್ಸೊ ಅದನ್ನು ಗೆದ್ದು 10 ಲಕ್ಷ ಡಾಲರ್ ಪಡೆದ. ವರ್ಷವಿಡೀ ಆಡಿದ್ದಕ್ಕೆ ಅವನ ಸಂಬಳ 5,55,000. ಆಟಗಾರರು ಮೊದಲು ತಂತಮ್ಮ ತಂಡದ ಅಂಗಿ ತೊಟ್ಟು ಬರುತ್ತಿದ್ದರು, ಗುರುತು ಸಿಗುತ್ತಿತ್ತು. 2021ರಿಂದ ಎಲ್ಲರಿಗೂ ಒಂದೇ ಅಂಗಿ ಹೊಲಿಸಿ ಮಾರಿದರು. ಜನ ಉಗಿದರು. 2025ರಲ್ಲಿ ಹಳೆಯ ಅಂಗಿಗಳು ವಾಪಸ್ಸು.

ಪ್ರತಿ ತಂಡದಿಂದ ಒಬ್ಬನಾದರೂ ಇರಲೇಬೇಕು ಎಂಬುದು ಇನ್ನೊಂದು ನಿಯಮ. 2024ರ ಷಿಕಾಗೊ ವೈಟ್ ಸಾಕ್ಸ್ 162ರಲ್ಲಿ 121 ಪಂದ್ಯ ಸೋತಿತು. ಅವರಿಗೂ ಒಂದು ಸೀಟು ಕಾಯಂ. 2023ರಲ್ಲಿ ಅದೇ ದೇಶದ ಸುಪ್ರೀಂ ಕೋರ್ಟು ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡಬಾರದು ಎಂದು ತೀರ್ಪು ಕೊಟ್ಟಿತ್ತು. ಮೀಸಲಾತಿ ತಪ್ಪು. ಸೋಲುವ ತಂಡದ ಮಾಲೀಕನಿಗೆ ಕೊಟ್ಟರೆ ಸರಿ.

ಈಗ ಮತದಾನಕ್ಕೆ ಬರೋಣ. ನನ್ನ ಪಿತ್ತ ನೆತ್ತಿಗೇರುವುದು ಇಲ್ಲಿ.

ಪಂದ್ಯದ ಆರಂಭಕ್ಕೆ ಯಾರು ಇಳಿಯಬೇಕು ಎಂದು ಜನರೇ ಮತ ಹಾಕಿ ಆರಿಸುತ್ತಾರೆ, ಪಿಚರ್ ಒಬ್ಬನನ್ನು ಬಿಟ್ಟು. 1957ರಲ್ಲಿ ಸಿನ್ಸಿನಾಟಿಯ ಜನ ಈ ಪ್ರಜಾಪ್ರಭುತ್ವವನ್ನು ಮನಸಾರೆ ನಂಬಿದರು. ಅಲ್ಲಿನ ಪತ್ರಿಕೆ ಆಗಲೇ ಗುರುತು ಹಾಕಿದ್ದ ಮತಪತ್ರ ಅಚ್ಚುಹಾಕಿ ಹಂಚಿತು. ಕತ್ತರಿಸುವುದು, ಕಳಿಸುವುದು, ಅಷ್ಟೇ ಕೆಲಸ. ಎಂಟು ಸ್ಥಾನಗಳಲ್ಲಿ ಏಳಕ್ಕೆ ಸಿನ್ಸಿನಾಟಿಯವರೇ ಗೆದ್ದರು. ಸ್ಟ್ಯಾನ್ ಮ್ಯೂಸಿಯಲ್ ಒಬ್ಬ ಹೇಗೋ ನುಸುಳಿಕೊಂಡ. ಹೊರಗುಳಿದವರು ಯಾರು? ವಿಲ್ಲಿ ಮೇಸ್. ಹ್ಯಾಂಕ್ ಆರನ್. ಸಂಗೀತ ಸಭೆಯಿಂದ ಮಲ್ಲಿಕಾರ್ಜುನ ಮನ್ಸೂರರನ್ನೂ ಭೀಮಸೇನ ಜೋಶಿಯವರನ್ನೂ ಬಿಟ್ಟು ಸ್ಥಳೀಯ ಬ್ಯಾಂಡಿನವರನ್ನು ಕೂರಿಸಿದ ಹಾಗೆ.

ಆಗಿನ ಪರಮಾಧಿಕಾರಿ ಫೋರ್ಡ್ ಫ್ರಿಕ್ ಇಬ್ಬರು ಸಿನ್ಸಿನಾಟಿಯವರನ್ನು ಎಬ್ಬಿಸಿ ಮೇಸ್ ಮತ್ತು ಆರನ್‌ರನ್ನು ಕೂರಿಸಿದ. ಸರಿಯೇ ಮಾಡಿದ, ಆ ವರ್ಷ ನ್ಯಾಷನಲ್ ಲೀಗಿನ ಶ್ರೇಷ್ಠ ಆಟಗಾರನಾದದ್ದು ಆರನ್. ಅಲ್ಲಿಗೆ ನಿಲ್ಲಿಸಲಿಲ್ಲ. ಜನರ ಮತದ ಹಕ್ಕನ್ನೇ ಕಿತ್ತುಕೊಂಡ. 1970ರ ತನಕ ಜನ ಮತ ಹಾಕಲಿಲ್ಲ. ಸರಿಯಾದವರನ್ನು ಆರಿಸಲು ಬಾರದವರಿಗೆ ಮತವೇಕೆ!

2015ರಲ್ಲಿ ಮತದಾನ ಪೂರ್ತಿ ಕಂಪ್ಯೂಟರಿಗೆ ಬಂತು. ಒಂದು ಇಮೇಲಿಗೆ 35 ಮತ. ಒಂದಲ್ಲ, ಎರಡಲ್ಲ, ಮೂವತ್ತೈದು. ಕ್ಯಾನ್ಸಸ್ ಸಿಟಿಯವರು ಕೂತಲ್ಲೇ ಒತ್ತಿದರು. ಒಂದು ಹಂತದಲ್ಲಿ ಅಮೆರಿಕನ್ ಲೀಗಿನ ಎಂಟು ಸ್ಥಾನಗಳಲ್ಲಿ ಅವರೇ ಮುಂದು. ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಹಿಟ್ ಹೊಡೆಯುವ ಓಮರ್ ಇನ್‌ಫಾಂಟೆಯೂ ಮುಂದು. ಗಾಬರಿಯಾದ ಬೇಸ್‌ಬಾಲ್ 6 ಕೋಟಿಗೂ ಹೆಚ್ಚು ಮತಗಳನ್ನು ಅಸಿಂಧು ಮಾಡಿತು. ಆರು ಕೋಟಿ! ಕರ್ನಾಟಕಕ್ಕೆ ಕರ್ನಾಟಕವೇ ಮತ ಹಾಕಿ, ಎಲ್ಲವೂ ಕಸದ ಬುಟ್ಟಿಗೆ ಹೋದ ಲೆಕ್ಕ.

ಈ ಸಂಸ್ಥೆ 2021ರಲ್ಲಿ ಮತದಾನದ ಹಕ್ಕಿನ ಪರವಾಗಿ ಎದ್ದು ನಿಂತಿತು.

ಆ ಮಾರ್ಚಿನಲ್ಲಿ ಜಾರ್ಜಿಯಾ ರಾಜ್ಯ ಹೊಸ ಚುನಾವಣಾ ಕಾನೂನು ತಂದಿತ್ತು. ಮತ ಹಾಕಲು ಸಾಲಿನಲ್ಲಿ ನಿಂತವರಿಗೆ ಹೊರಗಿನವರು ನೀರು ಕೊಟ್ಟರೂ ಅಪರಾಧ ಎನ್ನುವಂಥ ಕಾನೂನು. ಕಪ್ಪು ಜನರ ಮತಕ್ಕೆ ಅಡ್ಡಗಾಲು ಎಂದು ದೇಶದಲ್ಲಿ ಕೂಗೆದ್ದಿತು. ಅಟ್ಲಾಂಟಾದಲ್ಲಿ ಆಗಬೇಕಿದ್ದ ಆಲ್-ಸ್ಟಾರ್ ಪಂದ್ಯವನ್ನು ಬೇಸ್‌ಬಾಲ್ ವಾರ ಕಳೆಯುತ್ತಲೇ ಎತ್ತಿಕೊಂಡು ಡೆನ್ವರ್‌ಗೆ ಒಯ್ದಿತು. ಕಪ್ಪು ಜನರಿಗೆ ಅನ್ಯಾಯವಾಯಿತೆಂದು, ಅವರು ಹೆಚ್ಚಿರುವ ಊರಿನ ವ್ಯಾಪಾರ ಕಿತ್ತು, ಕಡಿಮೆಯಿರುವ ಊರಿಗೆ ಕೊಟ್ಟರು. ನ್ಯಾಯ ಅಂದರೆ ನ್ಯಾಯ.

ಬೈಡನ್ ಬೆಂಬಲಿಸಿದರು. ಬೇಸ್‌ಬಾಲನ್ನೇ ಬಹಿಷ್ಕರಿಸಿ ಎಂದರು ಟ್ರಂಪ್. ಕೆಲವು ರಿಪಬ್ಲಿಕನ್ ಸೆನೆಟರುಗಳಿಗೆ ಥಟ್ಟನೆ ಜ್ಞಾನೋದಯವಾಯಿತು. ಬೇಸ್‌ಬಾಲಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಇದೆ, ಅದನ್ನು ತೆಗೆಯಬೇಕು ಎಂದು ಮಸೂದೆ ಹಿಡಿದು ಬಂದರು. ಆ ವಿನಾಯಿತಿ 1922ರದ್ದು. ವೃತ್ತಿಪರ ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವೇ ಅಲ್ಲ ಎಂದು ಸುಪ್ರೀಂ ಕೋರ್ಟು ಗಂಭೀರವಾಗಿ ಬರೆದಿತ್ತು. ಅಷ್ಟು ವರ್ಷ ಇವರಿಗೆ ತಪ್ಪು ಕಾಣಲಿಲ್ಲ. ಪಂದ್ಯ ಕೈತಪ್ಪಿದ ವಾರ ಕಂಡಿತು. ಆಮೇಲೆ ಸಿಟ್ಟು ಇಳಿಯಿತು, ಮಸೂದೆಯೂ ಮಲಗಿತು.

ಸರಿ, ತತ್ವ ಎಷ್ಟು ದಿನ ಬಾಳಿತು? 2023ರ ನವೆಂಬರಿನಲ್ಲಿ ಪ್ರಕಟಣೆ ಬಂತು: 2025ರ ಆಲ್-ಸ್ಟಾರ್ ಪಂದ್ಯ ಅಟ್ಲಾಂಟಾದಲ್ಲಿ. ಕಾನೂನು ಹೋಯಿತೇ? ಎಲ್ಲಿಗೆ ಹೋಗುತ್ತದೆ, ಅಲ್ಲೇ ಇತ್ತು. ಹೋದದ್ದು ಬೇಸ್‌ಬಾಲಿನ ಸಿಟ್ಟು. ಪಂದ್ಯದ ವರ್ಷದ ಮಾರ್ಚಿನಲ್ಲಿ, ವಾಷಿಂಗ್ಟನ್ನಿನ ಗಾಳಿ ತಿರುಗಿದ್ದು ನೋಡಿ, ತನ್ನ ಉದ್ಯೋಗದ ಪುಟದಿಂದ 'ವೈವಿಧ್ಯ' ಎಂಬ ಪದವನ್ನೂ ಅಳಿಸಿತು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಅಂದಹಾಗೆ ಅಟ್ಲಾಂಟಾ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಬ್ರೇವ್ಸ್ ತಂಡ ನಗರದೊಳಗಿನ ಮೈದಾನವನ್ನು ಇಪ್ಪತ್ತೇ ವರ್ಷ ಬಳಸಿ, ನಗರದ ಹೊರಗಿನ ಕಾಬ್ ಕೌಂಟಿಗೆ 2017ರಲ್ಲಿ ಗಂಟುಮೂಟೆ ಕಟ್ಟಿತು. ಕೌಂಟಿ ಸುಮಾರು 30 ಕೋಟಿ ಡಾಲರ್ ಕೊಟ್ಟಿತು. ಅಲ್ಲಿಯೂ ಪ್ರಸಾದ ಕೊಡಲೇಬೇಕಿತ್ತಲ್ಲ. ತತ್ವ ನಾಲ್ಕು ವರ್ಷ ಕಾದಿತು, ಬಾಕಿ ಕಾಯುವುದಿಲ್ಲ.

ಆ ರಾತ್ರಿ ಹ್ಯಾಂಕ್ ಆರನ್‌ಗೆ ಗೌರವ ಸಲ್ಲಿಸಿದರು. ದೀಪ ಆರಿಸಿ, ಮೈದಾನದ ಮೇಲೆ ಬೆಳಕಿನ ಚಿತ್ರ ಚೆಲ್ಲಿ, 1974ರಲ್ಲಿ ಬೇಬ್ ರೂತ್ ದಾಖಲೆ ಮುರಿದ ಅವನ 715ನೇ ಹೋಮ್ ರನ್ನನ್ನು ಮತ್ತೆ ತೋರಿಸಿದರು. ಜನ ಎದ್ದು ನಿಂತರು. ಆ ಹೋಮ್ ರನ್ನಿಗೆ ಮುಂಚೆ ಆರನ್‌ಗೆ ಮೂಟೆಗಟ್ಟಲೆ ಬೆದರಿಕೆ ಪತ್ರಗಳು ಬಂದಿದ್ದವು. ಕಪ್ಪು ಮನುಷ್ಯ ರೂತ್‌ನನ್ನು ಮೀರಬಾರದು ಎಂಬ ಪತ್ರಗಳು. ಆರನ್ ಅವನ್ನು ಎಸೆಯದೆ ಇಟ್ಟುಕೊಂಡಿದ್ದ. ಬೆಳಕಿನ ಚಿತ್ರದಲ್ಲಿ ಪತ್ರ ಕಾಣುವುದಿಲ್ಲ.

ಈ ಪಂದ್ಯ ಹುಟ್ಟಿದ್ದು ಹೇಗೆಂದು ಹೇಳಿ ನಿಲ್ಲಿಸುತ್ತೇನೆ.

1933. ಅಮೆರಿಕ ಆರ್ಥಿಕ ಕುಸಿತದಲ್ಲಿ ನರಳುತ್ತಿತ್ತು. ಷಿಕಾಗೊದಲ್ಲಿ ವಿಶ್ವಮೇಳ. ಷಿಕಾಗೊ ಟ್ರಿಬ್ಯೂನ್ ಪತ್ರಿಕೆಯ ಕ್ರೀಡಾ ಸಂಪಾದಕ ಆರ್ಚ್ ವಾರ್ಡ್‌ಗೆ ಒಂದು ಉಪಾಯ ಹೊಳೆಯಿತು. ಮೇಳಕ್ಕೆ ಬಂದವರಿಗಾಗಿ ಒಂದೇ ಒಂದು ಸಲ ಎರಡೂ ಲೀಗಿನ ತಾರೆಗಳನ್ನು ಆಡಿಸೋಣ. ಜುಲೈ 6, ಕಾಮಿಸ್ಕಿ ಪಾರ್ಕ್. ಬೇಬ್ ರೂತ್ ಮೊದಲ ಹೋಮ್ ರನ್ ಹೊಡೆದ. ಅಮೆರಿಕನ್ ಲೀಗ್ 4–2ರಿಂದ ಗೆದ್ದಿತು. ಎಲ್ಲ ತಾರೆಗಳೂ ಬಂದಿದ್ದರು ಎಂದು ಬರೆದರು.

ಅದೇ ವರ್ಷ ಸೆಪ್ಟೆಂಬರ್ 10ರಂದು ಅದೇ ಕಾಮಿಸ್ಕಿ ಪಾರ್ಕಿನಲ್ಲಿ ಇನ್ನೊಂದು ಆಲ್-ಸ್ಟಾರ್ ಪಂದ್ಯ ನಡೆಯಿತು. ಜುಲೈಯ 'ಎಲ್ಲ ತಾರೆ'ಗಳಲ್ಲಿ ಬಿಳಿಯರಲ್ಲದ ಕಾರಣಕ್ಕೆ ಜಾಗ ಸಿಗದವರು ಆಡಿದ ಪಂದ್ಯ. ಪೂರ್ವ–ಪಶ್ಚಿಮ ಪಂದ್ಯ ಎಂದು ಅದರ ಹೆಸರು. ನೀಗ್ರೋ ಲೀಗುಗಳ ಆಟಗಾರರನ್ನು ಕಪ್ಪು ಜನರ ಪತ್ರಿಕೆಗಳ ಓದುಗರು ಮತ ಹಾಕಿ ಆರಿಸಿದರು. ವರ್ಷ ವರ್ಷ ನಡೆಯಿತು. 1943ರಲ್ಲಿ ಪ್ರೇಕ್ಷಕರ ಸಂಖ್ಯೆ 50 ಸಾವಿರ ದಾಟಿತು. ಆ ಪಂದ್ಯಗಳಲ್ಲಿ ಸ್ಯಾಚೆಲ್ ಪೇಜ್ ಎಸೆದ, ಜಾಶ್ ಗಿಬ್ಸನ್ ಹೊಡೆದ. ಯಾವ ಘೋಷಣೆಯೂ ಬೇಕಾಗಲಿಲ್ಲ.

ಮೇಜರ್ ಲೀಗಿನ ಆಲ್-ಸ್ಟಾರ್ ಪಂದ್ಯದಲ್ಲಿ ಮೊದಲ ಕಪ್ಪು ಆಟಗಾರರು ಕಂಡದ್ದು 1949ರಲ್ಲಿ. ಜಾಕಿ ರಾಬಿನ್‌ಸನ್, ರಾಯ್ ಕ್ಯಾಂಪನೆಲ್ಲ, ಡಾನ್ ನ್ಯೂಕಮ್, ಲ್ಯಾರಿ ಡೋಬಿ. ಗಿಬ್ಸನ್ ಇರಲಿಲ್ಲ. ರಾಬಿನ್‌ಸನ್ ಬಣ್ಣದ ಬೇಲಿ ದಾಟುವ ಮೂರು ತಿಂಗಳ ಮುಂಚೆ, 1947ರ ಜನವರಿಯಲ್ಲಿ ಗಿಬ್ಸನ್ ತೀರಿಕೊಂಡಿದ್ದ. ವಯಸ್ಸು 35.

2020ರ ಡಿಸೆಂಬರಿನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್, ನೀಗ್ರೋ ಲೀಗುಗಳೂ ಮೇಜರ್ ಲೀಗುಗಳೇ ಎಂದು ಒಪ್ಪಿಕೊಂಡಿತು. 2024ರ ಮೇ ತಿಂಗಳಲ್ಲಿ ಆ ಅಂಕಿಗಳನ್ನು ತನ್ನ ಖಾತೆಗೆ ಸೇರಿಸಿತು. ಟೈ ಕಾಬ್‌ನ .367 ಕೆಳಗಿಳಿಯಿತು. ಗಿಬ್ಸನ್‌ನ .372 ಮೇಲೇರಿತು. ಬೇಸ್‌ಬಾಲ್ ಚರಿತ್ರೆಯಲ್ಲೇ ಅತಿ ಹೆಚ್ಚು ಬ್ಯಾಟಿಂಗ್ ಸರಾಸರಿ ಈಗ ಅವನದು.

ಆಟಕ್ಕೆ ಸೇರಿಸಲಿಲ್ಲ. ಲೆಕ್ಕಕ್ಕೆ ಸೇರಿಸಿಕೊಂಡರು. ಸತ್ತು 77 ವರ್ಷವಾಗಿತ್ತು. ಇನ್ನು ಸಂಬಳ ಕೇಳಲಾರ.